ಜಿಎಸ್‌ಟಿ ಹೋದ ಮೇಲೆ ಅಪ್ಪ ಅಮ್ಮನ ಪಾಲಿಸಿ

ಅಪ್ಪನಿಗೆ 68, ಅಮ್ಮನಿಗೆ 63. ಇಬ್ಬರಿಗೂ ಸೇರಿ 5 ಲಕ್ಷದ ಆರೋಗ್ಯ ವಿಮೆ ಪಾಲಿಸಿ, ಆರು ವರ್ಷದಿಂದ ಒಂದೇ ಕಂಪನಿಯಲ್ಲಿದೆ. ಕಂಪನಿ ಹೆಸರು ಬೇಡ. ಈ ಸಲ ನವೀಕರಣದ ದಿನ 2025ರ ಸೆಪ್ಟೆಂಬರ್ 28. ಅದಕ್ಕೆ ಆರು ದಿನ ಮುಂಚೆ, 22ರಿಂದ, ನಾವೇ ಕೊಳ್ಳುವ ಆರೋಗ್ಯ ವಿಮೆ ಮೇಲಿನ 18% ಜಿಎಸ್‌ಟಿ ಹೋಯಿತು.

ಹೋದ ವರ್ಷದ ರಸೀದಿ ಪಕ್ಕದಲ್ಲಿಟ್ಟುಕೊಂಡು ಕೂತೆ. ಪ್ರೀಮಿಯಂ 42,000, ತೆರಿಗೆ 7,560, ಒಟ್ಟು 49,560. ಈ ಸಲ 42,000 ಕಟ್ಟಿದರೆ ಸಾಕು ಅಂದುಕೊಂಡಿದ್ದೆ. ಬಂದ ನೋಟಿಸಿನಲ್ಲಿ 45,990 ಇತ್ತು! ತೆರಿಗೆ ಸೊನ್ನೆ, ಆದರೆ ಪ್ರೀಮಿಯಂ 9.5% ಏರಿತ್ತು. 60 ದಾಟಿದವರಿಗೆ ವರ್ಷಕ್ಕೆ 10%ಗಿಂತ ಜಾಸ್ತಿ ಏರಿಸಬೇಕಾದರೆ ಮೊದಲು ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐಯನ್ನು ಕೇಳಬೇಕು ಅಂತ 2025ರ ಜನವರಿಯಲ್ಲೇ ಆದೇಶವಾಗಿದೆ. ಇವರು ಆ ಗೆರೆಯ ಅಂಚಿಗೇ ಬಂದು ನಿಂತಿದ್ದಾರೆ. ಕೇಳಿದರೆ, ಆಸ್ಪತ್ರೆ ಖರ್ಚು ಏರಿದೆ, ಏಜೆಂಟ್ ಕಮಿಷನ್, ಆಫೀಸ್ ಬಾಡಿಗೆ ಮೇಲೆ ಕಂಪನಿ ಕಟ್ಟುವ ತೆರಿಗೆ ಇನ್ನು ಮೊದಲಿನ ಹಾಗೆ ವಾಪಸ್ ಬರುವುದಿಲ್ಲ ಅಂದರು. ಮಾತು ನಿಜ. ಆದರೂ 7,560ರಲ್ಲಿ ನಮಗೆ ಉಳಿದದ್ದು 3,570 ಮಾತ್ರ, ಬೇಜಾರಾಗುತ್ತದೆ ಅಲ್ವಾ?

ಸೇವೆ ವಿಷಯಕ್ಕೆ ಬಂದರೆ, ಫೆಬ್ರವರಿಯಲ್ಲಿ ಅಪ್ಪನ ಕಣ್ಣಿನ ಪೊರೆ ಆಪರೇಷನ್ ಆಯಿತು. ಕ್ಯಾಶ್‌ಲೆಸ್, ಅಂದರೆ ಬಿಲ್ಲನ್ನು ಕಂಪನಿಯೇ ಆಸ್ಪತ್ರೆಗೆ ಕಟ್ಟುವ ಒಪ್ಪಿಗೆ ಬೇಗ ಬಂತು. ಮನೆಗೆ ಬಿಡುವಾಗ ಮಾತ್ರ ಬೆಳಿಗ್ಗೆ 11ರಿಂದ ಸಂಜೆ 5ರವರೆಗೆ ಕಾಯಿಸಿದರು. ಬಿಲ್ಲಿಗೆ ಕಂಪನಿ 3 ಗಂಟೆಯೊಳಗೆ ಒಪ್ಪಿಗೆ ಕೊಡಬೇಕು ಅಂತ ನಿಯಮವಿದೆ. ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡು, ಅಮ್ಮ ತಂದ ಉಪ್ಪಿಟ್ಟಿನ ಡಬ್ಬಿ ತೊಡೆ ಮೇಲಿಟ್ಟುಕೊಂಡು, ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದರು. ಕೊನೆಗೆ ಕೈಗವಸು, ಹತ್ತಿ ಅಂತ 1,800 ನಾವೇ ಕೊಟ್ಟೆವು.

ಆದರೂ ಪಾಲಿಸಿ ಬಿಡಲಿಲ್ಲ. ಉಳಿದ 3,570ಕ್ಕೆ ಇನ್ನೊಂದಿಷ್ಟು ಸೇರಿಸಿ ಈ ಪಾಲಿಸಿಯ ಮೊತ್ತ ಸಾಲದಿದ್ದಾಗ ನೆರವಾಗುವ 10 ಲಕ್ಷದ ಟಾಪ್‌ಅಪ್ ಪಾಲಿಸಿ ತೆಗೆದುಕೊಂಡೆ. ತೆರಿಗೆ ಇದ್ದಾಗ ಅದು ನನ್ನ ಕೈಗೆ ಎಟುಕುತ್ತಿರಲಿಲ್ಲ. ನಮ್ಮ ಬೀದಿಯ ಟೈಲರ್ ಅಣ್ಣನದೂ ಇದೇ ಕಥೆ. ಮೂರು ವರ್ಷದಿಂದ "ಮೇಲೆ 18 ಪರ್ಸೆಂಟ್ ಯಾರು ಕಟ್ಟುತ್ತಾರೆ" ಅಂತ ಮುಂದೂಡುತ್ತಿದ್ದರು. ಸೆಪ್ಟೆಂಬರ್ 3ಕ್ಕೆ ಸುದ್ದಿ ಬಂದ ಮೇಲೆ 22ರವರೆಗೆ ದಿನ ಎಣಿಸಿ, 23ಕ್ಕೆ ಹೆಂಡತಿ ಮಕ್ಕಳನ್ನೂ ಸೇರಿಸಿ ಪಾಲಿಸಿ ಮಾಡಿಸಿದರು. ನನ್ನ ತಮ್ಮನಿಗೆ ಮಾತ್ರ ಲಾಭವಿಲ್ಲ. ಅವನದು ಆಫೀಸಿನ ಗ್ರೂಪ್ ಪಾಲಿಸಿ, ಅದಕ್ಕೆ 18% ಹಾಗೇ ಇದೆ.

ಈ ಪಾಲಿಸಿಗೆ ನಾನು ಐದಕ್ಕೆ ಮೂರು ಕೊಡುತ್ತೇನೆ. ನವೀಕರಿಸುವ ಮುಂಚೆ ಒಟ್ಟು ಮೊತ್ತ ನೋಡಿ ಸುಮ್ನೆ ಕಟ್ಟಬೇಡಿ. ಹೋದ ವರ್ಷದ ರಸೀದಿಯಲ್ಲಿ ತೆರಿಗೆ ಬಿಟ್ಟು ಬರೀ ಪ್ರೀಮಿಯಂ ಎಷ್ಟಿತ್ತು, ಅದನ್ನು ಈ ಸಲದ್ದರ ಪಕ್ಕದಲ್ಲಿಟ್ಟು ನೋಡಿ.