ಮುಗಿಯುವ ಯುದ್ಧ ಬೇಕೆಂದವನ ಆರು ವರ್ಷ: ‘ಲಾರ್ ದ ಲಾ ಗೇರ್’ ನಿಯಮಾವಳಿಯ ಬಳಕೆದಾರನ ಅನುಭವ

ಮೇಜಿನ ಮೇಲೆ ಕಿರುಬೊಂಬೆಗಳ ಸೈನ್ಯ ನಡೆಸುವ ಯುದ್ಧದಾಟ ‘ಲಾರ್ ದ ಲಾ ಗೇರ್’ನ ಕಳೆದ ಟೂರ್ನಿಯ ಮೂರನೆಯ ಸುತ್ತಿನಲ್ಲಿ ನನ್ನ ಸೈನ್ಯ ಎರಡು ಗಂಟೆ ಹತ್ತು ನಿಮಿಷಕ್ಕೆ ಮುರಿದುಬಿತ್ತು. ಎಡಬದಿಯ ರಥಗಳು ಮೊದಲೇ ಚೆಲ್ಲಾಪಿಲ್ಲಿಯಾಗಿದ್ದವು, ಬಿಲ್ಲಾಳುಗಳ ಸಾಲು ಎರಡು ಕಡೆ ಹರಿದಿತ್ತು, ಉಳಿದಿದ್ದ ಒಂದೇ ಆನೆ ದಾಳದಲ್ಲಿ ಒಂದು ಬಿದ್ದದ್ದರಿಂದ ಮೇಜಿನಿಂದ ಕೆಳಗಿಳಿಯಿತು. ಸೋತವನು ಸೌಜನ್ಯಕ್ಕಾಗಿ ನಗುವುದುಂಟು. ಆದರೆ ಆ ದಿನ ನನಗೆ ನಿಜವಾಗಿಯೇ ಸಂತೋಷವಾಗಿತ್ತು. ಗಡಿಯಾರದಲ್ಲಿ ಇನ್ನೂ ಇಪ್ಪತ್ತು ನಿಮಿಷ ಉಳಿದಿತ್ತು, ಗೆದ್ದವರು ಯಾರೆಂಬ ಬಗ್ಗೆ ಯಾವ ಅನುಮಾನವೂ ಇರಲಿಲ್ಲ. ಪ್ರಾಚೀನ ಕಾಲದ ಸೈನ್ಯಗಳನ್ನು ಕಿರುಬೊಂಬೆಗಳಲ್ಲಿ ಕಟ್ಟಿ ಟೂರ್ನಿಗಳಲ್ಲಿ ಆಡುವವರಿಗೆ ಈ ಮಾತಿನ ಬೆಲೆ ಗೊತ್ತಿರುತ್ತದೆ. ಮುಗಿಯದೆ ನಿಂತ ಎಷ್ಟೋ ಯುದ್ಧಗಳ ನೆನಪು ನನ್ನಲ್ಲಿ ಇನ್ನೂ ಹಸಿಯಾಗಿದೆ.

ಹಿಂದೆ ನಾನು ಆಡುತ್ತಿದ್ದುದು 2008ರಲ್ಲಿ ಬಂದ ‘ಫೀಲ್ಡ್ ಆಫ್ ಗ್ಲೋರಿ’ ಎಂಬ ನಿಯಮಾವಳಿ. ಮನೆಯಲ್ಲಿ, ರಜೆಯ ದಿನ, ಸ್ನೇಹಿತರ ಜೊತೆ ಆಡಲು ಅದು ಇಂದಿಗೂ ನನಗೆ ಪ್ರಿಯವೇ. ಒಂದೊಂದು ತುಕಡಿಗೂ ಹಿಡಿ ತುಂಬ ದಾಳ ಉರುಳಿಸುವುದು, ಏಟು ಲೆಕ್ಕ ಹಾಕುವುದು, ತುಕಡಿಯ ಧೈರ್ಯ ಕುಗ್ಗಿತೇ ಎಂದು ಮತ್ತೆ ದಾಳ ಹಾಕುವುದು, ಆಮೇಲೆ ಬೇಸ್ (ಬೊಂಬೆಗಳನ್ನು ಅಂಟಿಸಿದ ತಟ್ಟೆ) ಬಿತ್ತೇ ಎಂದು ಮತ್ತೊಮ್ಮೆ ನೋಡುವುದು, ಇವೆಲ್ಲ ಆರಾಮವಾಗಿ ಕೂತು ಅನುಭವಿಸುವ ಸುಖಗಳು. ಟೂರ್ನಿಯಲ್ಲಿ ಅದೇ ಸುಖ ನನಗೆ ಹೊರೆಯಾಯಿತು. ನನ್ನದು ಯೋಚಿಸಿ ನಡೆಸುವ ಕೈ. ಎದುರಿಗೆ ಕೂತವರೂ ಅಂಥವರೇ ಆದರೆ, ಎರಡೂ ಸೈನ್ಯಗಳ ಮಧ್ಯಭಾಗ ಒಂದಕ್ಕೊಂದು ತಾಗುವ ಹೊತ್ತಿಗೆ ಸಮಯ ಮುಗಿಯುತ್ತಿತ್ತು. ಒಂದು ಟೂರ್ನಿಯಲ್ಲಿ ನಾಲ್ಕು ಸುತ್ತುಗಳಲ್ಲಿ ಮೂರನ್ನು ಡ್ರಾ ಮಾಡಿಕೊಂಡು ಬಂದ ದಿನವೇ ಬೇರೆ ನಿಯಮಾವಳಿ ಹುಡುಕಬೇಕೆಂದು ನಿರ್ಧರಿಸಿದೆ.

ಹುಡುಕುವಾಗ ನಾನು ಹಾಕಿಕೊಂಡ ಮೊದಲ ಷರತ್ತಿಗೂ ಯುದ್ಧಶಾಸ್ತ್ರಕ್ಕೂ ಸಂಬಂಧವಿರಲಿಲ್ಲ. ಅದು ಅಂಟಿಗೆ ಸಂಬಂಧಿಸಿದ್ದು. ನನ್ನ 15 ಮಿಲಿಮೀಟರ್ ಬೊಂಬೆಗಳೆಲ್ಲ 40 ಮಿಲಿಮೀಟರ್ ಅಗಲದ ಬೇಸ್‌ಗಳ ಮೇಲೆ ಕೂತಿವೆ. ನಾನು ಬಣ್ಣ ಹಚ್ಚುವುದರಲ್ಲಿ ಆಮೆ: ಒಂದು ಆನೆ, ಅದರ ಮಾವುತ, ಅಂಬಾರಿಯಲ್ಲಿ ನಿಂತ ಇಬ್ಬರು, ಇಷ್ಟನ್ನು ಮುಗಿಸಲು ನನಗೆ ಎರಡು ವಾರದ ಸಂಜೆಗಳು ಬೇಕು. ಹಾಗೆ ಕೂಡಿಸಿದ ಸೈನ್ಯವನ್ನು ಚಾಕುವಿನಿಂದ ಎಬ್ಬಿಸಿ ಬೇರೆ ಅಳತೆಯ ಬೇಸ್‌ಗೆ ಅಂಟಿಸುವುದು ನನ್ನಿಂದ ಆಗದ ಕೆಲಸ. ಅದೃಷ್ಟವಶಾತ್ ಈ ಹವ್ಯಾಸದಲ್ಲಿ ನಿಯಮಗಳು ಹೋಗಿ ನಿಯಮಗಳು ಬಂದರೂ ಬೇಸ್‌ನ ಅಗಲ ಬಹುಮಟ್ಟಿಗೆ ಹಾಗೆಯೇ ಉಳಿದಿದೆ. ಬ್ರಿಟನ್ನಿನ ವಾರ್‌ಗೇಮ್ಸ್ ರಿಸರ್ಚ್ ಗ್ರೂಪ್ 1969ರಲ್ಲಿ ತನ್ನ ಮೊದಲ ಪ್ರಾಚೀನ ನಿಯಮಾವಳಿಯನ್ನು ಹೊರತಂದಿತು. 1990ರಲ್ಲಿ ಅದೇ ಬಳಗದಿಂದ ‘ಡಿ.ಬಿ.ಎ.’ (ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್) ಎಂಬ ಚಿಕ್ಕ ನಿಯಮಾವಳಿ, 1993ರಲ್ಲಿ ಅದರ ಹಿರಿಯಣ್ಣನಂಥ ‘ಡಿ.ಬಿ.ಎಂ.’ ಬಂದವು. ಆ ಕಾಲದ ಬೇಸ್‌ಗಳೇ ಮುಂದೆ ‘ಫೀಲ್ಡ್ ಆಫ್ ಗ್ಲೋರಿ’ಗೂ ಒಗ್ಗಿದವು, ಫ್ರಾನ್ಸಿನ ಎರ್ವೆ ಕಾಯ್ ಅವರು ರಚಿಸಿದ ‘ಲಾರ್ ದ ಲಾ ಗೇರ್’ಗೂ ಒಗ್ಗಿದವು. ಎಷ್ಟು ನೋಡಿ ಆರಿಸಿದೆವೆಂದು ನಾವು ಹೇಳಿಕೊಂಡರೂ, ನಮ್ಮಲ್ಲಿ ಅನೇಕರ ಆಯ್ಕೆಯನ್ನು ಹಳೆಯ ಅಂಟೇ ಮಾಡಿರುತ್ತದೆ.

‘ಲಾರ್ ದ ಲಾ ಗೇರ್’ನ ಎಲ್ಲ ನಿಯಮಗಳಿಗೂ ಕೈಹಾಕದೆ, ನನಗೆ ದಿನನಿತ್ಯದ ರುಚಿಯಾಗಿರುವ ಒಂದು ಸಂಗತಿಯನ್ನಷ್ಟೇ ಬಿಡಿಸಿ ಹೇಳುತ್ತೇನೆ. ಸೈನ್ಯ 200 ಅಂಕಗಳದ್ದು (ಪ್ರತಿ ತುಕಡಿಗೂ ಅಂಕದಲ್ಲಿ ಬೆಲೆಯಿದೆ), ಸಾಮಾನ್ಯವಾಗಿ ಮೂರು ದಳ, ದಳಕ್ಕೊಬ್ಬ ದಳಪತಿ. ಪ್ರತಿ ಸರದಿಯ ಆರಂಭದಲ್ಲಿ ದಳಪತಿಗೊಂದು ದಾಳ ಹಾಕಿ, ಬಿದ್ದ ಸಂಖ್ಯೆಯ ಅರ್ಧವನ್ನು ಮೇಲಿನ ಪೂರ್ಣಾಂಕಕ್ಕೆ ಏರಿಸಿ, ಅದಕ್ಕೆ ಆ ದಳಪತಿಯ ಯೋಗ್ಯತೆಯನ್ನು ಕೂಡಿಸಬೇಕು. ಸಾಧಾರಣ ದಳಪತಿಗೆ ಸೊನ್ನೆ, ಸಮರ್ಥನಿಗೆ ಒಂದು, ಪ್ರತಿಭಾವಂತನಿಗೆ ಎರಡು, ಮಹಾಸೇನಾನಿಗೆ ಮೂರು. ತುಕಡಿಗಳನ್ನು ನಡೆಸಲು ಸಿಗುವುದು ಬಂದ ಮೊತ್ತದಷ್ಟೇ ಆಜ್ಞೆಗಳು. ನಾನು ಮೂರು ಬಣ್ಣದ ದಾಳಗಳನ್ನು ಇಟ್ಟುಕೊಂಡಿದ್ದೇನೆ. ಅವನ್ನು ಒಟ್ಟಿಗೆ ಉರುಳಿಸಿ, ಒಂದೊಂದನ್ನೂ ಎತ್ತಿ ಆಯಾ ದಳಪತಿಯ ಬೆನ್ನ ಹಿಂದೆ ಇಟ್ಟು, ಆಜ್ಞೆ ಖರ್ಚಾದಂತೆ ದಾಳವನ್ನು ಒಂದೊಂದು ಮುಖ ಕೆಳಕ್ಕೆ ತಿರುಗಿಸುತ್ತ ಹೋಗುವುದು ನನಗೆ ಪೂಜೆಯ ಕ್ರಮದಂತೆ ಅಭ್ಯಾಸವಾಗಿದೆ. ‘ಡಿ.ಬಿ.ಎ.’ಯಲ್ಲಿ ಇಡೀ ಸೈನ್ಯಕ್ಕೆ ಒಂದೇ ದಾಳ. ಒಂದು ಬಿದ್ದರೆ ಇಡೀ ಸೈನ್ಯಕ್ಕೆ ಒಂದೇ ಚಲನೆ, ಆರು ಬಿದ್ದರೆ ಹಬ್ಬ. ಇಲ್ಲಿ ಹಾಗಲ್ಲ, ಅತಿ ಕೆಟ್ಟ ದಾಳಕ್ಕೂ ಒಂದು ಆಜ್ಞೆಯಾದರೂ ಸಿಗುತ್ತದೆ, ಅತಿ ಒಳ್ಳೆಯ ದಾಳದಿಂದಲೂ ಸಾಧಾರಣ ದಳಪತಿ ಮಹಾಸೇನಾನಿಯಾಗುವುದಿಲ್ಲ. ಅದೃಷ್ಟಕ್ಕೆ ಲಗಾಮಿದೆ, ಆದರೆ ಅದು ಕೊಟ್ಟಿಗೆಯಲ್ಲಿ ಕಟ್ಟಿಹಾಕಿದ ಕುದುರೆಯೂ ಅಲ್ಲ.

ಆಟ ಬೇಗ ಮುಗಿಯುವುದರ ಗುಟ್ಟು ಲೆಕ್ಕದಲ್ಲಿದೆ. ಸೈನ್ಯದಲ್ಲಿ ಎಷ್ಟು ತುಕಡಿಗಳಿವೆಯೋ ಅಷ್ಟು ಅಂಕಗಳ ನಷ್ಟವಾದಾಗ ಸೈನ್ಯ ಮುರಿಯುತ್ತದೆ. ನಾಶವಾದ ತುಕಡಿಗೆ ಎರಡು ಅಂಕ, ಪೆಟ್ಟು ತಿಂದು ಇನ್ನೂ ನಿಂತಿರುವ ತುಕಡಿಗೆ ಒಂದು. ನನ್ನ ಸೈನ್ಯದಲ್ಲಿ 24 ತುಕಡಿಗಳಿದ್ದರೆ, ಎಂಟು ನಾಶವಾಗಿ ಇನ್ನೆಂಟು ಗಾಯಗೊಂಡರೂ ಕಥೆ ಮುಗಿಯಿತು. ಆದ್ದರಿಂದ ಯುದ್ಧ ಒಮ್ಮೆ ಮೈಗೆ ಮೈ ತಾಗಿತೆಂದರೆ ಇಳಿಜಾರಿನಲ್ಲಿ ಬಿಟ್ಟ ಬಂಡಿಯಂತೆ ಓಡುತ್ತದೆ. ಗಾಯಗೊಂಡ ತುಕಡಿಯನ್ನು ಹಿಂದಕ್ಕೆ ಸರಿಸಿ, ಆಜ್ಞೆ ಖರ್ಚು ಮಾಡಿ ಚೇತರಿಸಿದರೆ ಅಂಕ ವಾಪಸ್ಸು ಬರುತ್ತದೆ. ಆದರೆ ಆ ಆಜ್ಞೆಯನ್ನು ಇನ್ನೊಂದು ಬದಿಯ ದಾಳಿಗೆ ಬಳಸಬಹುದಿತ್ತಲ್ಲ ಎಂಬ ಚಡಪಡಿಕೆ ಬಿಡುವುದಿಲ್ಲ. ಆಟದ ನಿಜವಾದ ಮಜಾ ಇರುವುದು ಈ ಚಡಪಡಿಕೆಯಲ್ಲಿ.

ಇಷ್ಟು ಹೊಗಳಿದ ಮೇಲೆ, ಆರು ವರ್ಷಗಳಿಂದ ನನ್ನ ಹಲ್ಲಿಗೆ ಸಿಕ್ಕಿಕೊಂಡಿರುವ ಕಲ್ಲಿನ ಮಾತಿಗೆ ಬರಲೇಬೇಕು. ಪ್ರತಿ ತುಕಡಿಯ ಮುಂದೆ ಒಂದು ಬೇಸ್‌ನ ಅಗಲದಷ್ಟು, ಅಂದರೆ ನನ್ನ ಬೊಂಬೆಗಳಿಗೆ 40 ಮಿಲಿಮೀಟರ್, ಅದರ ಹಿಡಿತದ ವಲಯವಿರುತ್ತದೆ. ಆ ವಲಯದೊಳಗೆ ಬಂದ ಶತ್ರು ತನ್ನಿಷ್ಟದಂತೆ ಅಡ್ಡಾಡುವಂತಿಲ್ಲ. ಬೇಸ್‌ಗೆ ಬೇಸ್ ತಾಗಿದ ಮೇಲೆ ಮೂಲೆಗೆ ಮೂಲೆ ಹೊಂದಿಸಿ ನೇರವಾಗಿ ನಿಲ್ಲಿಸಬೇಕು. ಪುಸ್ತಕದ ಚಿತ್ರಗಳಲ್ಲಿ ಇದು ಚೊಕ್ಕವಾಗಿ ಕಾಣುತ್ತದೆ, ಏಕೆಂದರೆ ಅಲ್ಲಿ ಮೇಜು ಸಮತಟ್ಟಾಗಿದೆ, ಬೇಸ್‌ಗಳು ಚೌಕವಾಗಿವೆ, ಈಟಿಗಳು ಪಕ್ಕದವನ ಕುದುರೆಯ ಕಿವಿಗೆ ಚುಚ್ಚುವುದಿಲ್ಲ. ನಿಜದ ಮೇಜಿನ ಮೇಲೆ ಓರೆಯಾಗಿ ನಿಂತ ಎರಡು ಸಾಲುಗಳು ಎದುರಾದಾಗ ಯಾವ ಮೂಲೆ ಮೊದಲು ತಾಗಿತು, ಹೊಂದಿಸಲು ಯಾರು ಸರಿಯಬೇಕು, ಸರಿಯುವ ಜಾಗದಲ್ಲಿ ಮೂರನೆಯವನಿದ್ದರೆ ಏನು ಗತಿ ಎಂಬ ಪ್ರಶ್ನೆಗಳು ಒಂದರ ಹಿಂದೊಂದು ಏಳುತ್ತವೆ.

ಒಮ್ಮೆ ಎದುರಾಳಿಯ ಹಗುರ ಕುದುರೆ ಸವಾರರ ಪಕ್ಕಕ್ಕೆ ನನ್ನ ಭಾರಿ ಕುದುರೆ ಪಡೆ ನುಗ್ಗಬೇಕಿತ್ತು. ನಾನು ಅಳತೆಪಟ್ಟಿ ಇಟ್ಟೆ, ಅವರು ರಟ್ಟಿನ ಚೌಕ ಇಟ್ಟರು. ನನ್ನ ಕಣ್ಣಿಗೆ ದಾರಿ ತೆರೆದಿತ್ತು. ಅವರ ಕಣ್ಣಿಗೆ ಅವರ ಈಟಿಗಾರರ ವಲಯದ ಅಂಚು ನನ್ನ ಬೇಸ್‌ನ ಮೂಲೆಯನ್ನು ಮುಟ್ಟುತ್ತಿತ್ತು. “ನೀವೇ ಬಗ್ಗಿ ನೋಡಿ ಸಾರ್, ಕೂದಲೆಳೆಯಷ್ಟು ಒಳಗಿದೆ” ಎಂದು ಅವರು ತಾಳ್ಮೆಯಿಂದಲೇ ಹೇಳಿದರು. ಬಗ್ಗಿ ನೋಡಿದಾಗ ಕಂಡದ್ದು ಬೇಸ್‌ಗೆ ಅಂಟಿಸಿದ್ದ ಮರಳಿನ ಒಂದು ಕಾಳು. ಮೂಲೆಯಿಂದ ಹೊರಚಾಚಿದ್ದ ಆ ಕಾಳೇ ಬೇಸ್‌ನ ಅಂಚೋ ಅಥವಾ ಅದರ ಕೆಳಗಿನ ರಟ್ಟು ಅಂಚೋ ಎಂದು ತೀರ್ಪುಗಾರರು ಬಂದು ನಿರ್ಣಯಿಸುವಷ್ಟರಲ್ಲಿ ಎಂಟು ನಿಮಿಷ ಹೋಗಿತ್ತು, ತೀರ್ಪು ನನ್ನ ವಿರುದ್ಧ ಬಂದಿತ್ತು. ಅಂದು ರಾತ್ರಿ ಮನೆಗೆ ಬಂದವನೇ ಉಗುರು ಉಜ್ಜುವ ಅರ ಹಿಡಿದು ಎಲ್ಲ ಬೇಸ್‌ಗಳ ಅಂಚಿನ ಮರಳನ್ನು ಉಜ್ಜಿ ತೆಗೆದೆ. ನಿಯಮವೊಂದು ಬೊಂಬೆಗಳ ಅಂದವನ್ನೇ ಕೆರೆದು ಹಾಕುವಂತೆ ಮಾಡಿದರೆ ಅದನ್ನು ದೋಷವೆಂದು ಕರೆಯಲು ನನಗೆ ಸಂಕೋಚವಿಲ್ಲ. ಎರಡು ಆವೃತ್ತಿಗಳನ್ನು ಬಳಸಿದ್ದೇನೆ. ಹೊಸದರಲ್ಲಿ ವಿವರಣೆ ಹೆಚ್ಚಿದೆ, ಜಗಳ ಪೂರ್ತಿ ಹೋಗಿಲ್ಲ.

ಎರಡನೆಯ ಅಸಮಾಧಾನ ಹಗುರ ಕುದುರೆಗಳ ಸೈನ್ಯಗಳದ್ದು. ಮೇಲೆ ಬಿದ್ದರೆ ಓಡುತ್ತವೆ, ಬಿಟ್ಟರೆ ಬಾಣ ಬಿಡುತ್ತವೆ. ಹುಲ್ಲುಗಾವಲಿನ ಅಲೆಮಾರಿಗಳು ಯುದ್ಧ ಮಾಡುತ್ತಿದ್ದ ರೀತಿಯೇ ಅದು, ಆದ್ದರಿಂದ ನಿಯಮ ತಪ್ಪೆನ್ನಲಾರೆ. ಆದರೆ ಅಂಥವರ ಎದುರು ಕೂತ ದಿನ ನನ್ನ ಮುಗಿಯುವ ಯುದ್ಧದ ಕನಸು ಮುರಿಯುತ್ತದೆ. 120 ಸೆಂಟಿಮೀಟರ್ ಉದ್ದ, 80 ಸೆಂಟಿಮೀಟರ್ ಅಗಲದ ಮೇಜು ಚಿಕ್ಕದಾಗಿರುವುದರಿಂದ ಓಡುವವರಿಗೂ ಕೊನೆಗೊಂದು ಅಂಚು ಸಿಗುತ್ತದೆ ಎಂಬುದಷ್ಟೇ ಸಮಾಧಾನ.

ಇತಿಹಾಸದ ವಿಷಯದಲ್ಲಿ ಟೂರ್ನಿ ನಿಯಮಗಳಿಂದ ಬಹಳ ನಿರೀಕ್ಷಿಸಬಾರದು. ನಾನು ಆಡಿಸುವುದು ಪೋರಸನ ಸೈನ್ಯ: ಆನೆ, ರಥ, ಉದ್ದ ಬಿಲ್ಲಿನ ಕಾಲಾಳು. ಕ್ರಿ.ಪೂ. 326ರಲ್ಲಿ ಹೈಡಾಸ್ಪಿಸ್ (ಇಂದಿನ ಝೇಲಂ) ನದಿಯ ದಡದಲ್ಲಿ ಗ್ರೀಕ್ ಇತಿಹಾಸಕಾರ ಅರಿಯನ್‌ನ ಲೆಕ್ಕದಂತೆ 200 ಆನೆಗಳನ್ನು ನಿಲ್ಲಿಸಿದ್ದ ಈ ರಾಜನನ್ನು ಅಲೆಕ್ಸಾಂಡರ್ ಸೋಲಿಸಿದ್ದಕ್ಕೆ ಮಳೆಯ ರಾತ್ರಿಯಲ್ಲಿ ಬೇರೆ ಕಡೆ ನದಿ ದಾಟಿದ್ದು ದೊಡ್ಡ ಕಾರಣ. ಎರಡೂ ಕಡೆ ಸಮ ಅಂಕ, ಎದುರುಬದುರು ಸಾಲು ಎಂಬ ಟೂರ್ನಿಯ ಚೌಕಟ್ಟಿನಲ್ಲಿ ಅಂಥ ರಾತ್ರಿಗೆ ಜಾಗವಿಲ್ಲ. ಒಂದು ದಳವನ್ನು ಮೇಜಿನ ಹೊರಗಿಟ್ಟು ಪಕ್ಕದಿಂದ ಸುತ್ತಿ ಬರಿಸುವ ಅವಕಾಶ ಇಲ್ಲಿದೆ. ನಾನು ಅದನ್ನು ಮೂರು ಸಲ ಪ್ರಯತ್ನಿಸಿದ್ದೇನೆ. ಎರಡು ಸಲ ದಳ ಬರುವ ಹೊತ್ತಿಗೆ ಉಳಿದ ಸೈನ್ಯವೇ ಇರಲಿಲ್ಲ. ಇನ್ನು, ಕಾಲದ ಮಿತಿ ಹಾಕದ ಟೂರ್ನಿಗಳಲ್ಲಿ ಪೋರಸನು ಮಧ್ಯಯುಗದ ಉಕ್ಕಿನ ಕವಚ ತೊಟ್ಟ ನೈಟ್‌ಗಳನ್ನು ಎದುರಿಸಬೇಕಾಗುತ್ತದೆ. ಆಯೋಜಕರು ಕಾಲಘಟ್ಟ ನಿಗದಿ ಮಾಡಿದರೆ ಸಾಕು, ಅರ್ಧ ದೂರು ತಾನಾಗಿ ಅಡಗುತ್ತದೆ.

ಬದಲಿಗೆ ಏನಿದೆ ಎಂದು ಕೇಳುವವರಿಗೆ ಎರಡು ಮಾತು. ಒಂದೇ ದಿನದಲ್ಲಿ ಐದಾರು ಸುತ್ತು ಆಡಿಸಬೇಕೆಂದರೆ ನಾನು ‘ಡಿ.ಬಿ.ಎ.’ಯನ್ನೇ ಆರಿಸುತ್ತೇನೆ: ಹನ್ನೆರಡು ಬೇಸ್‌ಗಳ ಸೈನ್ಯ, ಎದುರಾಳಿಗಿಂತ ಹೆಚ್ಚು ಕಳೆದುಕೊಂಡು ನಾಲ್ಕು ಹೋದರೆ ಸೋಲು, ಒಂದು ಗಂಟೆಯೊಳಗೆ ಮುಕ್ತಾಯ. ಅದರ ಪುಸ್ತಕದ ಭಾಷೆ ಮಾತ್ರ ಸೂತ್ರದಂತೆ ಬಿಗಿದ ವಾಕ್ಯಗಳದ್ದು. ಭಾಷ್ಯಕಾರರೊಬ್ಬರು ಪಕ್ಕದಲ್ಲಿದ್ದರೆ ಒಳ್ಳೆಯದು. ಅಳತೆಯ ಜಗಳವೇ ಬೇಡವೆನ್ನುವವರಿಗೆ ‘ಟು ದಿ ಸ್ಟ್ರಾಂಗೆಸ್ಟ್’ ಇದೆ. ಮೇಜನ್ನು ಚೌಕಗಳಾಗಿ ಗುರುತಿಸಿ, ಒಂದರಿಂದ ಹತ್ತರವರೆಗಿನ ಇಸ್ಪೀಟ್ ಎಲೆಗಳನ್ನು ಎಳೆದು ತುಕಡಿಗಳನ್ನು ನಡೆಸುವ ಆಟವದು. ಒಂದೇ ತುಕಡಿಯನ್ನು ಮತ್ತೆ ನಡೆಸಲು ಹೋಗಿ ಹಿಂದಿನದಕ್ಕಿಂತ ಕಡಿಮೆಯ ಎಲೆ ಬಂದರೆ ಆ ದಳದ ಸರದಿ ಅಲ್ಲಿಗೆ ನಿಂತಿತು. ಮರಳಿನ ಕಾಳಿಗೆ ಅಲ್ಲಿ ಮಾತನಾಡುವ ಹಕ್ಕಿಲ್ಲ. ಎರಡು ಸಲ ಆಡಿ ತುಂಬ ನಕ್ಕಿದ್ದೇನೆ, ಆದರೆ ಸಾಲನ್ನು ನಿಧಾನವಾಗಿ ಓರೆ ಮಾಡುತ್ತ ಮುಂದೊತ್ತುವ ನನ್ನ ಹಳೆಯ ಚಟಕ್ಕೆ ಚೌಕಗಳು ಒಗ್ಗಲಿಲ್ಲ.

ಹೀಗಾಗಿ ಮುಂದಿನ ಟೂರ್ನಿಗೂ ‘ಲಾರ್ ದ ಲಾ ಗೇರ್’ಗೇ ಹೆಸರು ಕೊಟ್ಟಿದ್ದೇನೆ. ಪೆಟ್ಟಿಗೆಯಲ್ಲಿ ಈಗ ಮೂರು ಬಣ್ಣದ ದಾಳಗಳ ಪಕ್ಕದಲ್ಲಿ ತೆಳು ಉಕ್ಕಿನ ಒಂದು 40 ಮಿಲಿಮೀಟರ್ ಚೌಕವೂ, ಉಗುರು ಉಜ್ಜುವ ಆ ಅರವೂ ಇವೆ. ಪ್ರತಿಭಾವಂತ ದಳಪತಿಯನ್ನು ಆನೆಗಳ ದಳಕ್ಕೆ ಕೊಡುವುದೋ ರಥಗಳ ದಳಕ್ಕೆ ಕೊಡುವುದೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.