ದನಕ್ಕೆ ನೋವಿನ ಇಂಜೆಕ್ಷನ್ ಹಾಕಿಸ್ತಿದ್ದೀರಾ? ಮೊದಲು ಬಾಟಲಿ ಇಸ್ಕೊಂಡು ಓದಿ

ಹಸು, ಎಮ್ಮೆ ಸಾಕಿರುವವರು ದಯವಿಟ್ಟು ಪೂರ್ತಿ ಓದಿ. ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ, ಇನ್ನೊಬ್ಬರಿಗೆ ಹೀಗೆ ಆಗುವುದು ಬೇಡ.

ನಮ್ಮ ಗೌರಿ ಹಿಂದಿನ ಬಲಗಾಲು ಊರದೆ ಕುಂಟುತ್ತಿದ್ದಳು. ಗೊರಸಿನ ಮೇಲೆ ಊತ, ಮುಟ್ಟಿದರೆ ಬಿಸಿ. ಅವತ್ತು ಭಾನುವಾರ. ಊರೂರು ತಿರುಗಿ ದನಗಳಿಗೆ ಇಂಜೆಕ್ಷನ್ ಹಾಕುವವನೊಬ್ಬ ಇದ್ದಾನೆ. ಓದಿದ್ದು ಏನೋ ಯಾರಿಗೂ ಗೊತ್ತಿಲ್ಲ, ಆದರೆ ಎಲ್ಲರೂ ಅವನನ್ನು ಡಾಕ್ಟ್ರೇ ಅಂತಾರೆ. ಫೋನ್ ಮಾಡಿದರೆ ಅರ್ಧ ಗಂಟೆಗೆ ಬರುತ್ತಾನೆ. ಅದಕ್ಕೇ ಕರೆದೆ.

ಬಂದವನು ಕಾಲು ಎತ್ತಿ ನೋಡಲಿಲ್ಲ. ಕುಂಟುವ ಹಸುವಿನ ಕಾಲನ್ನೇ ಎತ್ತಿ ನೋಡಲಿಲ್ಲ! ಚೀಲದಿಂದ ಬೆರಳುದ್ದದ ಗಾಜಿನ ಬಾಟಲಿ ತೆಗೆದು ಟಕ್ ಅಂತ ಕತ್ತು ಮುರಿದ, ಸಿರಿಂಜಿಗೆ ಎಳೆದ. ಇನ್ನೊಂದು ಮುರಿದ. ಮತ್ತೊಂದು. ಹೀಗೆ ಐದು. ದನದ ಔಷಧಿ ದೊಡ್ಡ ಬಾಟಲಿಯಲ್ಲಿ ಬರುತ್ತೆ, ರಬ್ಬರ್ ಮುಚ್ಚಳಕ್ಕೆ ಸೂಜಿ ಚುಚ್ಚಿ ಎಳೆಯುತ್ತಾರೆ, ನಾವೆಲ್ಲ ನೋಡಿದ್ದೇವೆ ಅಲ್ವಾ? ಇದೇನು ಇಷ್ಟು ಚಿಕ್ಕದು ಅಂತ ಕೇಳಿದೆ. "ದೊಡ್ಡದು ಸ್ಟಾಕ್ ಇಲ್ಲ ಯಜಮಾನ್ರೇ. ಇದೇ ಸ್ಟ್ರಾಂಗು" ಅಂದ. 600 ರೂಪಾಯಿ ಇಸ್ಕೊಂಡು ಹೋದ.

ಸಂಜೆಗೆ ಗೌರಿ ನಾಲ್ಕೂ ಕಾಲು ಊರಿ ನಡೆದಳು, ಮೇವು ತಿಂದಳು. ನನಗೆ ಎಷ್ಟು ಖುಷಿ ಅಂದರೆ ಅಕ್ಕಪಕ್ಕದ ಇಬ್ಬರಿಗೆ ಅವನ ನಂಬರ್ ಕೊಟ್ಟೆ.

ಮೂರನೇ ದಿನ ಎದ್ದೇಳಲೇ ಇಲ್ಲ. ಆಮೇಲೆ ಪಶು ಆಸ್ಪತ್ರೆ ಡಾಕ್ಟರನ್ನು ಕರೆಸಿದೆ. ಅವರು ಮೊದಲು ಮಾಡಿದ್ದೇ ಕಾಲು ಎತ್ತಿಸಿ, ಗೊರಸಿನ ಅಡಿ ತೊಳೆದು, ಚಾಕುವಿನಿಂದ ಸ್ವಲ್ಪ ಕೆರೆದದ್ದು. ಚೂಪು ಕಲ್ಲೊಂದು ಒಳಗೆ ಕೂತಿತ್ತು. ಅದನ್ನು ಕಿತ್ತ ಕೂಡಲೇ ಕಪ್ಪಗೆ, ಗಬ್ಬು ನಾರುವ ಕೀವು ಚಿಮ್ಮಿತು. "ನೋವು ಮಾತ್ರ ಮುಚ್ಚಿದ್ದಾರೆ. ನೋವಿಲ್ಲ ಅಂತ ಇವಳು ಅದೇ ಕಾಲಿನ ಮೇಲೆ ಭಾರ ಹಾಕಿ ನಡೆದಿದ್ದಾಳೆ, ಕೀವು ಇನ್ನೂ ಮೇಲಕ್ಕೆ ಹತ್ತಿದೆ" ಅಂದರು.

ಏನು ಹಾಕಿದ್ದು ಅಂತ ಕೇಳಿದರು. ನನಗೆ ಗೊತ್ತಿಲ್ಲ! ತಿಪ್ಪೆಯಿಂದ ಖಾಲಿ ಡಬ್ಬಿ ಹುಡುಕಿ ತಂದೆ. ಡೈಕ್ಲೋಫೆನಾಕ್, 3 ಎಂಎಲ್. ಮನುಷ್ಯರಿಗೆ ಹಾಕುವ ನೋವಿನ ಔಷಧಿ. ಪ್ರಾಣಿಗಳಿಗೆ ಬಳಸಬಾರದು ಅಂತ ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ಡಾಕ್ಟರು ಅದರ ಮೇಲೆ ಬೆರಳಿಟ್ಟು ನನಗೆ ತೋರಿಸಿದರು. ತಲೆ ಎತ್ತಲಿಕ್ಕೆ ಆಗಲಿಲ್ಲ.

ದನಗಳಿಗೆ ಡೈಕ್ಲೋಫೆನಾಕ್ ಕೊಡುವುದು ನಮ್ಮ ದೇಶದಲ್ಲಿ 2006ರಿಂದಲೇ ನಿಷೇಧ. ಈ ಔಷಧಿ ಹಾಕಿದ ದನ ಒಂದೆರಡು ದಿನದಲ್ಲಿ ಸತ್ತು, ಆ ಹೆಣವನ್ನು ರಣಹದ್ದು ತಿಂದರೆ ಅದರ ಕಿಡ್ನಿ ಕೆಟ್ಟು ಸಾಯುತ್ತೆ. ಒಳಗಿನ ಅಂಗಗಳ ಮೇಲೆ ಸುಣ್ಣ ಬಳಿದ ಹಾಗೆ ಬೆಳ್ಳಗೆ ಕಟ್ಟಿಕೊಂಡಿರುತ್ತಂತೆ. ಬಿಳಿಬೆನ್ನಿನ ರಣಹದ್ದು 1990ರ ದಶಕದಿಂದ 2007ರ ಹೊತ್ತಿಗೆ ನೂರಕ್ಕೆ 99ಕ್ಕೂ ಜಾಸ್ತಿ ಕಮ್ಮಿ ಆಯಿತು. ನಮ್ಮ ರಾಮನಗರದ ರಾಮದೇವರ ಬೆಟ್ಟದಲ್ಲಿ ಅಳಿದುಳಿದ ಹದ್ದುಗಳಿಗೆ ಅಂತ 2012ರಲ್ಲಿ ಧಾಮ ಮಾಡಿದ್ದು ಸುಮ್ನೆ ಅಲ್ಲ. ನಿಷೇಧ ಆದಮೇಲೂ ಮನುಷ್ಯರ ದೊಡ್ಡ ಬಾಟಲಿ ತಂದು ದನಕ್ಕೆ ಹಾಕುತ್ತಿದ್ದರು ಅಂತಲೇ 2015ರಲ್ಲಿ ಅದನ್ನು 3 ಎಂಎಲ್‌ಗೆ ಇಳಿಸಿದ್ದು. ಒಬ್ಬ ಮನುಷ್ಯನಿಗೆ ಒಂದು ಸಲಕ್ಕೆ ಆಗುವಷ್ಟು. ಅದನ್ನೇ ಅವನು ಐದು ಮುರಿದು ಹಾಕಿದ. ಮೂಗುದಾರ ಹಿಡಿದುಕೊಂಡು ನಿಂತಿದ್ದವನು ನಾನೇ.

ಫೋನ್ ಮಾಡಿ ಕೇಳಿದೆ. "ಔಷಧಿ ಔಷಧಿನೇ ಯಜಮಾನ್ರೇ, ಮನುಷ್ಯರಿಗೆ ಆಗೋದು ದನಕ್ಕೆ ಆಗಲ್ವಾ?" ಕಲ್ಲಿತ್ತಲ್ಲ, ಕಾಲು ಯಾಕೆ ನೋಡಲಿಲ್ಲ ಅಂದೆ. "ಅವತ್ತು ಹಸು ನಡೀತೋ ಇಲ್ವೋ, ಅಷ್ಟು ಹೇಳಿ." ನಿಷೇಧ ಇದೆಯಲ್ಲ ಅಂದೆ. "ಹದ್ದಿನ ಚಿಂತೆ ನಿಮಗ್ಯಾಕೆ? ನಿಮ್ಮ ಹಸು ಸತ್ತಿದೆಯಾ?" ಅಂತ ಫೋನ್ ಇಟ್ಟ. ನಿಮ್ಮ ಹಸು ಸತ್ತಿದೆಯಾ ಅಂತೆ!

ಆಸ್ಪತ್ರೆ ಡಾಕ್ಟರು ನೋವಿಗೆ ಕೊಟ್ಟಿದ್ದು ಮೆಲಾಕ್ಸಿಕಾಂ. ಅದು ರಣಹದ್ದುಗಳಿಗೂ ತೊಂದರೆ ಮಾಡಲ್ಲ. ಎಷ್ಟು ದಿನ ಹಾಲು ಡೈರಿಗೆ ಹಾಕಬಾರದು ಅಂತಲೂ ಹೇಳಿದರು. ಅವನು ಅದನ್ನೂ ಹೇಳಿರಲಿಲ್ಲ. ಎರಡು ದಿನ ಆ ಹಾಲು ಡೈರಿಗೆ ಹೋಗಿದೆ.

ಬಾಟಲಿ ಕೈಗೆ ಇಸ್ಕೊಳ್ಳಿ, ಹೆಸರು ಓದಿ, ಫೋಟೋ ತೆಗೆದಿಟ್ಟುಕೊಳ್ಳಿ. ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್ ಅನ್ನೋ ನೋವಿನ ಔಷಧಿಗಳೂ 2023ರಿಂದ ದನಗಳಿಗೆ ನಿಷೇಧ. ಬಾಟಲಿ ಕೊಡಲ್ಲ ಅಂದರೆ ಅವನನ್ನು ಕೊಟ್ಟಿಗೆಯಿಂದ ಆಚೆ ಕಳಿಸಿ. ಆಸ್ಪತ್ರೆ ಮುಚ್ಚಿದ್ದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ನಾನು ಮಾಡಲಿಲ್ಲ.

ನಂಬರ್ ಕೊಟ್ಟಿದ್ದ ಇಬ್ಬರಿಗೂ ಹೇಳೋಣ ಅಂತ ಹೋದೆ. ಒಬ್ಬರು ಆಗಲೇ ಎಮ್ಮೆಗೆ ಹಾಕಿಸಿಬಿಟ್ಟಿದ್ದರು. ಏನು ಹಾಕಿದ ಅಂತ ಕೇಳಿದೆ. ಅವರಿಗೂ ಗೊತ್ತಿಲ್ಲ.