ಓಡುವ ಹಾರ್ವೆಸ್ಟರಿನಿಂದ ಓಡುವ ಟ್ರಾಲಿಗೆ ಭತ್ತ ಸುರಿಸುವ ಮುನ್ನ

ಗಂಗಾವತಿ, ಕಾರಟಗಿ, ಸಿಂಧನೂರು ಭಾಗದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವವರು ಕಟಾವಿಗೆ ಯಂತ್ರ ಗೊತ್ತುಮಾಡುವ ಮೊದಲು ಇದನ್ನು ಓದಬೇಕೆಂದು ಕೋರುತ್ತೇನೆ. ಕಟಾವು ನಡೆಯುತ್ತಿರುವಾಗಲೇ, ಯಂತ್ರವನ್ನು ನಿಲ್ಲಿಸದೆ, ಪಕ್ಕದಲ್ಲಿ ಓಡುವ ಟ್ರಾಲಿಗೆ ಕಾಳು ಸುರಿಸುವ ಪದ್ಧತಿಗೆ ನಾನು ಒಪ್ಪಿಕೊಂಡು ನಾಲ್ಕು ಎಕರೆಯಲ್ಲಿ ಹನ್ನೆರಡು ಚೀಲ ಭತ್ತ ಕಳೆದುಕೊಂಡೆ. ನಮ್ಮ ಮನೆಯಲ್ಲಿ ವರ್ಷಗಳಿಂದ ದುಡಿಯುತ್ತಿರುವ ಯುವಕನೊಬ್ಬ ಕೈ ಮುರಿದುಕೊಂಡ. ಭತ್ತದ ನಷ್ಟವನ್ನು ಮುಂದಿನ ಬೆಳೆಯಲ್ಲಿ ತುಂಬಿಕೊಳ್ಳಬಹುದು. ಅವನ ಕೈಯ ವಿಷಯದಲ್ಲಿ ನನ್ನ ಮನಸ್ಸು ಇಂದಿಗೂ ಸಮಾಧಾನಗೊಂಡಿಲ್ಲ.

ಅದು 2024ರ ಮುಂಗಾರಿನ ಬೆಳೆ. ಆ ವರ್ಷದ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ನಾಟಿ ಮಾಡಿ ಕುಳಿತಿದ್ದ ನಮಗೆಲ್ಲ ಪೈರು ಒಣಗುವುದೇ ಖಚಿತವೆನಿಸಿತ್ತು. ತಾತ್ಕಾಲಿಕ ಗೇಟು ಕೂಡಿಸಿ ನೀರು ಉಳಿಸಿಕೊಂಡು, ಆಮೇಲೆ ಒಳಹರಿವು ಬಂದು, ಬೆಳೆ ಕೈಸೇರುವ ಹಂತಕ್ಕೆ ತಲುಪಿತು. ಹಾಗೆ ಉಳಿದುಬಂದ ಪೈರನ್ನು ಕೊನೆಯ ದಿನ ನನ್ನ ಅವಸರದಿಂದಲೇ ನೆಲಕ್ಕೆ ಚೆಲ್ಲಿಸಿದೆ ಎಂಬ ಕಾರಣಕ್ಕೆ ಈ ನೋವು ಹೆಚ್ಚು.

ಡಿಸೆಂಬರ್ ಮೊದಲ ವಾರ ಮೋಡ ಕವಿದಿತ್ತು. ಆರು ಎಕರೆ ಸೋನಾ ಮಸೂರಿ ಹಣ್ಣಾಗಿ ನಿಂತಿತ್ತು, ಯಂತ್ರಗಳಿಗೆ ಎಲ್ಲೆಡೆ ಬೇಡಿಕೆ ಇತ್ತು. ಹೊರ ರಾಜ್ಯದಿಂದ ಬಂದಿದ್ದ, ಮುಂದೆ ಪೈರು ಕೊಯ್ಯುವ ಹದಿನಾಲ್ಕು ಅಡಿ ಅಗಲದ ಕಟರ್ ಬಾರ್‌ನ ಟೈರ್ ಹಾರ್ವೆಸ್ಟರನ್ನು ಏಜೆಂಟರೊಬ್ಬರ ಮೂಲಕ ಗಂಟೆಗೆ 2,600 ರೂಪಾಯಿಯಂತೆ ಗೊತ್ತುಮಾಡಿದೆ. ಗಂಟೆಗೆ ಮೂರು ಎಕರೆ ಕೊಯ್ಯುತ್ತದೆ ಎಂದು ಅವರು ಭರವಸೆ ಕೊಟ್ಟರು. ಟ್ರಾಲಿಯನ್ನು ಎಂದಿನಂತೆ ಬದುವಿನ ಬಳಿ ನಿಲ್ಲಿಸಲು ಹೇಳಿದಾಗ, "ಗೌಡ್ರ, ಮಷಿನ್ ನಿಲ್ಲಿಸಿದ್ರ ನಿಮ್ಮ ರೊಕ್ಕಾನ ಹೋಗತೈತಿ, ಟ್ರ್ಯಾಕ್ಟರ್ ಬಾಜೂಕ ಓಡಸ್ರಿ, ಟ್ಯಾಂಕ್ ಖಾಲಿ ಆಕ್ಕೋತನ ಕಟಿಂಗ್ ನಡೀತೈತಿ" ಎಂದು, ಹೊರದೇಶದ ದೊಡ್ಡ ಯಂತ್ರಗಳು ಹಾಗೆ ಮಾಡುವ ದೃಶ್ಯವೊಂದನ್ನು ಫೋನಿನಲ್ಲಿ ತೋರಿಸಿದರು. ಮಳೆಯ ಭಯದಲ್ಲಿದ್ದ ನನಗೆ ಆ ಮಾತು ಹಿಡಿಸಿತು.

ಮೊದಲು ಯಂತ್ರದ ಸಾಮರ್ಥ್ಯದ ಲೆಕ್ಕ. ಹದಿನಾಲ್ಕು ಅಡಿ ಎಂದರೆ ಸುಮಾರು 4.2 ಮೀಟರು. ಗಂಟೆಗೆ ಮೂರು ಕಿಲೋಮೀಟರು ವೇಗದಲ್ಲಿ ಎಲ್ಲಿಯೂ ತಿರುಗದೆ, ಎಲ್ಲಿಯೂ ನಿಲ್ಲದೆ, ಪೂರ್ಣ ಅಗಲಕ್ಕೆ ಕೊಯ್ದರೆ ಮಾತ್ರ ಮೂರು ಎಕರೆ ಆಗುತ್ತದೆ. ನಮ್ಮ ಮಡಿಗಳಲ್ಲಿ ಪ್ರತಿ ಬದುವಿನಲ್ಲೂ ತಿರುಗಬೇಕು, ಮಲಗಿದ ಪೈರಿನಲ್ಲಿ ವೇಗ ತಗ್ಗಿಸಬೇಕು, ಮೂಲೆಗಳನ್ನು ಹಿಂದೆಮುಂದೆ ಸರಿದು ಕೊಯ್ಯಬೇಕು. ಇಷ್ಟೆಲ್ಲ ಕಳೆದು ಎರಡು ಎಕರೆ ಆದರೆ ಒಳ್ಳೆಯ ಕೆಲಸವೆಂದೇ ತಿಳಿಯಬೇಕು. ಅದಕ್ಕಿಂತ ಹೆಚ್ಚಿನ ಭರವಸೆ ಕೊಟ್ಟ ಚಾಲಕ ವೇಗ ಹೆಚ್ಚಿಸಿ ಅದನ್ನು ಉಳಿಸಿಕೊಳ್ಳಲು ನೋಡುತ್ತಾನೆ, ಆ ವೇಗಕ್ಕೆ ಬೆಲೆ ತೆರುವುದು ನಮ್ಮ ಕಾಳು.

ಇನ್ನು ಯಂತ್ರದಲ್ಲಿ ಕಾಳು ತುಂಬಿಕೊಳ್ಳುವ ಟ್ಯಾಂಕಿನ ಲೆಕ್ಕ. ಅದು ಸುಮಾರು ಎರಡು ಸಾವಿರ ಲೀಟರಿನದು. ಹಸಿ ಭತ್ತ ಅದರಲ್ಲಿ ಹನ್ನೊಂದರಿಂದ ಹನ್ನೆರಡು ಕ್ವಿಂಟಲ್, ನಮ್ಮ 75 ಕಿಲೋ ಚೀಲದ ಲೆಕ್ಕದಲ್ಲಿ ಹದಿನೈದು ಚೀಲ ಹಿಡಿಯುತ್ತದೆ. ಎಕರೆಗೆ ಮೂವತ್ತೇಳು ಚೀಲ ಬರುವ ಹೊಲದಲ್ಲಿ ಎಕರೆಗೆ ಎರಡೂವರೆ ಬಾರಿ ಟ್ಯಾಂಕು ತುಂಬುತ್ತದೆ. ಬದುವಿಗೆ ಹೋಗಿ, ಸುರಿದು, ಮರಳಲು ಪ್ರತಿ ಸಲ ನಾಲ್ಕು ನಿಮಿಷವೆಂದರೆ ಎಕರೆಗೆ ಹತ್ತು ನಿಮಿಷ. ನಾಲ್ಕು ಎಕರೆಗೆ ನಲವತ್ತು ನಿಮಿಷ, ಅಂದರೆ ಸುಮಾರು 1,750 ರೂಪಾಯಿ ಬಾಡಿಗೆ. ನಾನು ಉಳಿಸಲು ಹೊರಟಿದ್ದು ಇಷ್ಟು ಮಾತ್ರ.

ಅಂದು ನಾನು ಹಾಕದೇ ಹೋದ ಲೆಕ್ಕ ಇನ್ನೊಂದಿತ್ತು. ತುಂಬಿದ ಟ್ಯಾಂಕು ಪೈಪಿನ ಮೂಲಕ ಖಾಲಿಯಾಗಲು ಆ ಯಂತ್ರಕ್ಕೆ ಎರಡು ನಿಮಿಷ ಬೇಕಾಗುತ್ತಿತ್ತು. ಗಂಟೆಗೆ ಮೂರು ಕಿಲೋಮೀಟರು ಎಂದರೆ ನಿಮಿಷಕ್ಕೆ 50 ಮೀಟರು, ಎರಡು ನಿಮಿಷಕ್ಕೆ 100 ಮೀಟರು. ನನ್ನ ಹೊಲದ ಅತಿ ಉದ್ದದ ಮಡಿಯೇ 60 ಮೀಟರು. ಅಂದರೆ ಟ್ಯಾಂಕು ಅರ್ಧ ಖಾಲಿಯಾಗುವಷ್ಟರಲ್ಲಿ ಬದು ಎದುರಾಗುತ್ತದೆ. ಅಲ್ಲಿ ಸುರಿಯುವುದನ್ನು ನಿಲ್ಲಿಸಿದರೂ ಪೈಪಿನೊಳಗೆ ಉಳಿದ ಕಾಳು ತಿರುವಿನುದ್ದಕ್ಕೂ ಸೋರುತ್ತದೆ. ತುಂಬಿದ ಪೈಪಿನೊಳಗೆ ಕಾಳು ತಳ್ಳುವ ಸುರುಳಿಯನ್ನು ಮತ್ತೆ ಚಾಲೂ ಮಾಡುವಾಗ ಭಾರಕ್ಕೆ ಬೆಲ್ಟು ಜಾರುತ್ತದೆ. ಚಾಲಕ ಆ ತೊಂದರೆಯೇ ಬೇಡವೆಂದು ಸುರಿಯುತ್ತಲೇ ತಿರುಗಿಸಿದ. ಯಂತ್ರ ಮತ್ತು ಟ್ರ್ಯಾಕ್ಟರು ಒಂದೇ ಅಳತೆಯಲ್ಲಿ ತಿರುಗುವುದು ಸಾಧ್ಯವೇ ಇರಲಿಲ್ಲ, ಪ್ರತಿ ತಿರುವಿನಲ್ಲೂ ಕೂಳೆಯ ಮೇಲೆ ಭತ್ತದ ಗುಡ್ಡೆ ಬಿತ್ತು. ಫೋನಿನಲ್ಲಿ ಕಂಡ ಯಂತ್ರಗಳ ಟ್ಯಾಂಕು ಹತ್ತು ಸಾವಿರ ಲೀಟರಿಗೂ ಮಿಕ್ಕಿದ್ದು, ಅವು ಕಣ್ಣಳತೆ ಮೀರಿದ ಗೋಧಿ ಹೊಲದಲ್ಲಿ ನೇರವಾಗಿ ಓಡುತ್ತವೆ ಎಂಬುದು ನನಗೆ ಹೊಳೆದದ್ದು ಆಗ. ಬದುಗಳೇ ಇಲ್ಲದ ನೆಲದಲ್ಲಿ ಆ ಪದ್ಧತಿಗೆ ಅರ್ಥವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ನಷ್ಟ ತಿರುವುಗಳಲ್ಲಿ ಮಾತ್ರ ಆಗಲಿಲ್ಲ. ಕೊಯ್ಯುವ, ಬಡಿಯುವ, ತೂರುವ, ಕಾಳನ್ನು ಪೈಪಿಗೆ ಏರಿಸುವ ಎಲ್ಲ ಕೆಲಸಕ್ಕೂ ಯಂತ್ರದಲ್ಲಿರುವುದು ಸುಮಾರು 100 ಅಶ್ವಶಕ್ತಿಯ ಒಂದೇ ಎಂಜಿನ್ನು. ದಟ್ಟ ಪೈರಿನಲ್ಲಿ ಅದು ಏದುಸಿರು ಬಿಡುತ್ತಿರುವಾಗಲೇ ಸುರಿಯುವ ಭಾರವನ್ನೂ ಹೇರಿದರೆ ಡ್ರಮ್ಮು, ಜರಡಿ, ಫ್ಯಾನುಗಳ ವೇಗ ಕುಸಿಯುತ್ತದೆ. ಬಡಿಯದ ತೆನೆಗಳೂ ಒಳ್ಳೆಯ ಕಾಳೂ ಹುಲ್ಲಿನೊಂದಿಗೆ ಹಿಂದಿನಿಂದ ಹೊರಬೀಳುತ್ತವೆ. ಅದರ ಜೊತೆಗೆ ಚಾಲಕನ ಕಣ್ಣು ಮುಂದಿನ ಕಟರ್ ಬಾರ್ ಮೇಲಿರದೆ ಎಡಗಡೆಯ ಪೈಪಿನ ಬಾಯಿಯ ಮೇಲೆ ಇತ್ತು, ಮಲಗಿದ ಪೈರಿನ ತೆನೆಗಳು ಹಾಗೆಯೇ ಉಳಿದವು. ಯಂತ್ರದ ಸದ್ದಿನಲ್ಲಿ ಬದುವಿನ ಮೇಲೆ ನಿಂತವನಿಗೆ ಇದು ತಿಳಿಯುವುದಿಲ್ಲ.

ನಾಲ್ಕನೆಯ ಎಕರೆ ಮುಗಿಯುವ ಹೊತ್ತಿಗೆ ಟ್ರಾಲಿಯಲ್ಲಿ ನಲವತ್ತು ಕ್ವಿಂಟಲಿನಷ್ಟು ಭಾರವಿತ್ತು. ನಮ್ಮದು ಎರೆ ಭೂಮಿ, ನೀರು ಬಸಿದು ಒಂದು ವಾರವಷ್ಟೇ ಆಗಿತ್ತು. ಟ್ರಾಲಿಯ ಎಡಗಾಲಿ ಹೂತುಕೊಂಡಿತು, ಟ್ರ್ಯಾಕ್ಟರಿನವನು ಜೋರಾಗಿ ಎಳೆದ, ಟ್ರಾಲಿ ಒಮ್ಮೆಲೇ ಜಗ್ಗಿತು. ಬೀಳುವ ಭತ್ತವನ್ನು ಸಮಮಾಡಲು ರಾಶಿಯ ಮೇಲೆ ನಿಂತಿದ್ದ ಯುವಕ ಆಯತಪ್ಪಿ ಆಚೆ ಬದಿಗೆ ಬಿದ್ದ. ಈಚೆ ಬದಿಗೆ ಬಿದ್ದಿದ್ದರೆ ಹಾರ್ವೆಸ್ಟರಿನ ಹಿಂದಿನ ಗಾಲಿಗೂ ಅವನಿಗೂ ಒಂದು ಮಾರು ಅಂತರವೂ ಇರುತ್ತಿರಲಿಲ್ಲ. ಅವನನ್ನು ಅಲ್ಲಿ ನಿಲ್ಲಿಸಿದವನು ನಾನೇ. ನಿಂತ ಟ್ರಾಲಿಯಲ್ಲಿ ಹಾಗೆ ನಿಲ್ಲುವುದು ನಮ್ಮ ಕಡೆಯ ರೂಢಿ. ಓಡುವ ಟ್ರಾಲಿಯಲ್ಲಿ ಅದು ಜೀವದ ಪ್ರಶ್ನೆ ಎಂದು ಆ ಕ್ಷಣದವರೆಗೆ ನಾನು ಯೋಚಿಸಿರಲಿಲ್ಲ. ಹಿಂದಿನಿಂದ ತೆನೆ ಆಯುತ್ತಾ ಬರುವ ಹೆಣ್ಣುಮಕ್ಕಳು ಅಂದು ಆ ಮಡಿಯಲ್ಲಿ ಇರಲಿಲ್ಲ ಎಂಬುದೊಂದೇ ಸಮಾಧಾನ. ಟ್ರಾಲಿಯನ್ನು ಎಳೆದು ತೆಗೆಯಲು ಒಂದು ಗಂಟೆಗೂ ಹೆಚ್ಚು ಹಿಡಿಯಿತು, ಆ ಹೊತ್ತಿನ ಬಾಡಿಗೆಯನ್ನೂ ಏಜೆಂಟರು ಬಿಡದೆ ವಸೂಲು ಮಾಡಿದರು.

ಉಳಿದ ಎರಡು ಎಕರೆಯನ್ನು ಯಂತ್ರ ನಿಲ್ಲಿಸಿ, ಬದುವಿನ ಬಳಿ ಸುರಿಸಿಯೇ ಕೊಯ್ಯಿಸಿದೆ. ಅಲ್ಲಿ ಎಕರೆಗೆ ಮೂವತ್ತೇಳು ಚೀಲ, ಮೊದಲಿನ ನಾಲ್ಕರಲ್ಲಿ ಮೂವತ್ತನಾಲ್ಕು. ಎರಡೂ ಕಡೆ ಒಂದೇ ಬೀಜ, ಒಂದೇ ಗೊಬ್ಬರ. ಹಿಂದಿನ ವರ್ಷದ ಇಳುವರಿಯೂ ಒಂದೇ ಆಗಿತ್ತು. ಹನ್ನೆರಡು ಚೀಲವೆಂದರೆ ಒಂಬತ್ತು ಕ್ವಿಂಟಲ್. ಆ ವರ್ಷ ಸಾಮಾನ್ಯ ಭತ್ತಕ್ಕಿದ್ದ 2,300 ರೂಪಾಯಿ ಬೆಂಬಲ ಬೆಲೆಯಲ್ಲಿ ಲೆಕ್ಕ ಹಾಕಿದರೂ 20,700 ರೂಪಾಯಿ.

ಮರುದಿನ ಬೆಳಗ್ಗೆ ಹೊಲದಲ್ಲಿ ಕುಳಿತು ಕಾಳು ಎಣಿಸಿದೆ. ಈ ಎಣಿಕೆಯನ್ನು ಎಲ್ಲರೂ ಕಟಾವಿನ ಮೊದಲ ಹತ್ತು ನಿಮಿಷದಲ್ಲೇ ಮಾಡಬೇಕೆಂಬುದು ನನ್ನ ಕಳಕಳಿಯ ಕೋರಿಕೆ. ಸೋನಾ ಮಸೂರಿಯ ಸಾವಿರ ಕಾಳು ಸುಮಾರು 15 ಗ್ರಾಂ ತೂಗುತ್ತದೆ. ಹೀಗಾಗಿ ಚದರ ಅಡಿಗೆ ಒಂದು ಕಾಳು ಬಿದ್ದಿದ್ದರೆ ಎಕರೆಗೆ ಹೆಚ್ಚುಕಡಿಮೆ ಮುಕ್ಕಾಲು ಕಿಲೋದ ಒಳಗೆ, ನೂರು ಕಾಳು ಬಿದ್ದಿದ್ದರೆ 65 ಕಿಲೋ. ಹುಲ್ಲಿನ ಸಾಲಿನ ಕೆಳಗೆ ಮಾತ್ರ ಎಣಿಸಿದರೆ ಲೆಕ್ಕ ಉಬ್ಬುತ್ತದೆ, ಆದ್ದರಿಂದ ಹುಲ್ಲನ್ನು ಸರಿಸಿ ಕಟರ್ ಬಾರ್‌ನ ಪೂರ್ಣ ಅಗಲದಲ್ಲಿ ಐದಾರು ಕಡೆ ಎಣಿಸಿ ಸರಾಸರಿ ತೆಗೆಯಬೇಕು, ಜೊಳ್ಳನ್ನು ಬಿಡಬೇಕು. ನನಗೆ ಸಿಕ್ಕ ಸರಾಸರಿ 140, ಅಂದರೆ ಎಕರೆಗೆ 90 ಕಿಲೋ. ಉಳಿದದ್ದು ತಿರುವಿನ ಗುಡ್ಡೆಗಳಲ್ಲಿ, ಕೊಯ್ಯದ ತೆನೆಗಳಲ್ಲಿ, ಗಾಲಿಯ ಕೆಸರಿನಲ್ಲಿ ಹೋಗಿತ್ತು.

ಈಗ ನಾನು ಯಂತ್ರ ಗೊತ್ತುಮಾಡುವಾಗ ಟ್ಯಾಂಕು ಎಷ್ಟು ಚೀಲ ಹಿಡಿಯುತ್ತದೆ, ಖಾಲಿಯಾಗಲು ಎಷ್ಟು ನಿಮಿಷ ಬೇಕು ಎಂದು ಮೊದಲೇ ಕೇಳುತ್ತೇನೆ, ನನ್ನ ಮಡಿಯ ಉದ್ದವನ್ನು ಅದರೊಂದಿಗೆ ತೂಗಿ ನೋಡುತ್ತೇನೆ. ಯಂತ್ರ ಸಿಕ್ಕಿಹಾಕಿಕೊಂಡ ಹೊತ್ತಿಗೆ ಬಾಡಿಗೆ ಇಲ್ಲವೆಂದು ನಾಲ್ಕು ಜನರ ಎದುರು ಮಾತಾಡಿಕೊಳ್ಳುತ್ತೇನೆ. ಟ್ರಾಲಿ ಗಟ್ಟಿ ನೆಲದಲ್ಲಿ, ಪಂಪ್‌ಸೆಟ್ಟಿನ ವಿದ್ಯುತ್ ತಂತಿಗಳಿಂದ ದೂರ ನಿಲ್ಲುತ್ತದೆ, ಪೈಪು ತಿರುಗುವಾಗ ಅದರ ಮೇಲೆ ಯಾರೂ ಇರುವುದಿಲ್ಲ. ಆ ಯುವಕನಿಗೆ ಕೈಯ ಕಟ್ಟು ಬಿಚ್ಚಿ ಆರು ತಿಂಗಳಾದ ಮೇಲೂ ತುಂಬಿದ ಚೀಲ ಎತ್ತಲು ಆಗಲಿಲ್ಲ. ಬೇಸಿಗೆ ಬೆಳೆಯ ಕಟಾವಿನಲ್ಲಿ ಅವನು ಬದುವಿನ ಮೇಲೆ ನಿಂತು ಟ್ಯಾಂಕುಗಳ ಲೆಕ್ಕ ಬರೆದುಕೊಂಡ.